ಯೂರಿಯಾ ಜಾಸ್ತಿ ಬಿದ್ದ ಗದ್ದೆಗೇ ಬೆಂಕಿ ರೋಗ ಯಾಕೆ? ಗಿಡಕ್ಕೆ ಬೆಳೆಯೋದು, ರೋಗ ತಡೆಯೋದು ಎರಡೂ ಒಟ್ಟಿಗೆ ಆಗಲ್ವಾ?

ನಾಲೆ ಬದಿ ರೈತ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಸೀಮೆಯವನು. ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯುತ್ತೇವೆ. ಬಿಎಸ್ಸಿ ಮುಗಿಸಿ ಊರಿಗೇ ಬಂದವನು, ಹಾಗಾಗಿ ಜೀನ್, ಪ್ರೋಟೀನ್ ಅಂತ ಬರೆದರೂ ಪರವಾಗಿಲ್ಲ. ಬಿಡಿಸಿ ಹೇಳಿ.

ಈ ಮುಂಗಾರಿಗೆ ಬಿಪಿಟಿ 5204 ನಾಟಿ ಮಾಡಿದ್ದೆವು. ನಮ್ಮ ಗದ್ದೆಗೂ ಚಿಕ್ಕಪ್ಪನ ಗದ್ದೆಗೂ ನಡುವೆ ಒಂದು ಬದು ಅಷ್ಟೇ. ಬೀಜ ಒಂದೇ, ಸಸಿ ಮಡಿ ಒಂದೇ, ನಾಟಿಗೆ ಬಂದ ಆಳುಗಳೂ ಅವರೇ. ಆದರೆ ಚಿಕ್ಕಪ್ಪನಿಗೆ ಪೈರು ಕಪ್ಪಗೆ ಕಾಣಬೇಕು. ತೆಂಡೆ ಒಡೆಯುವಾಗ ಒಂದು ಸಲ, ಹೊಡೆ ಕಟ್ಟುವ ಮುಂಚೆ ಇನ್ನೊಂದು ಸಲ ಕೈಬಿಚ್ಚಿ ಯೂರಿಯಾ ಎರಚಿದರು. ನೋಡೋಕೆ ಚೆಂದವೇ ಇತ್ತು. ಮಂಜು ಬೀಳೋಕೆ ಶುರುವಾದ ಮೇಲೆ ಅವರ ಗದ್ದೆಯ ಎಲೆ ಮೇಲೆ ಕಣ್ಣಿನ ಆಕಾರದ ಚುಕ್ಕೆ ಕಾಣಿಸಿತು. ನಡುವೆ ಬೂದಿ ಬಣ್ಣ, ಅಂಚು ಕಂದು. ಆಮೇಲೆ ಚುಕ್ಕೆಗಳೆಲ್ಲ ಕೂಡಿಕೊಂಡು ಎಲೆ ಕರಕಲಾಯ್ತು. ಕೆಲವು ತೆನೆ ಕುತ್ತಿಗೆಯಲ್ಲೇ ಮುರಿದು ಜೊಳ್ಳಾದವು. ನಮ್ಮ ಗದ್ದೆಗೂ ರೋಗ ಬಂತು, ಆದರೆ ಬದುವಿನ ಮೇಲೆ ನಿಂತರೆ ಯಾರಿಗಾದರೂ ವ್ಯತ್ಯಾಸ ಗೊತ್ತಾಗುತ್ತಿತ್ತು.

ಅಪ್ಪ ಹೇಳೋದು ಇಷ್ಟೇ: ಒಂದೇ ಸಂಬಳದ ಮನೆ ಇದ್ದ ಹಾಗೆ, ಗಿಡ ಇರೋ ಶಕ್ತಿಯನ್ನೆಲ್ಲ ಬೆಳೆಯೋಕೆ ಖರ್ಚು ಮಾಡಿಬಿಟ್ಟರೆ ರೋಗ ತಡೆಯೋಕೆ ಏನೂ ಉಳಿಯಲ್ಲ. ಇದು ನಿಜವೇ? ಯೂರಿಯಾ ಹಾಕಿದರೆ ಗಿಡಕ್ಕೆ ಸಂಬಳ ಜಾಸ್ತಿ ಆದ ಹಾಗಲ್ವಾ, ಹಾಗಿದ್ದರೆ ಎರಡಕ್ಕೂ ಸಾಲಬೇಕಿತ್ತಲ್ಲ? ಇನ್ನೊಂದು ಮಾತು. ಗೊಬ್ಬರದ ಅಂಗಡಿಯಲ್ಲಿ ‘ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೆ’ ಅಂತ ಒಂದು ಬಾಟಲಿ ಕೊಡ್ತಾ ಇದ್ದಾರೆ. ಮುಂದಿನ ಸಲ ಸಸಿಯಿಂದಲೇ ಹೊಡೆಯಲಾ?

---

ಸಾಸಿವೆ ಹೂ ಉತ್ತರಿಸಿದ್ದು:

ಒಂದು ಬದುವಿನ ಎರಡೂ ಕಡೆ ಒಂದೇ ತಳಿ, ಒಂದೇ ಸಸಿ! ನಿಮಗೆ ಗೊತ್ತಿಲ್ಲದೆಯೇ ಒಳ್ಳೆಯ ಪ್ರಯೋಗ ಆಗಿದೆ. ನಾನು ಗಿಡಗಳು ರೋಗಾಣುವನ್ನು ಹೇಗೆ ಗುರುತಿಸುತ್ತವೆ ಅನ್ನೋದರ ಮೇಲೆ ಕೆಲಸ ಮಾಡುವವಳು. ದಿನಾ ಕೈಯಲ್ಲಿ ಇರೋದು ಅರಾಬಿಡಾಪ್ಸಿಸ್, ಸಾಸಿವೆ ಕುಟುಂಬದ ಪುಟ್ಟ ಕಳೆ ಗಿಡ. ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು, ಸ್ವಲ್ಪ ಉದ್ದ ಆಗುತ್ತೆ.

ನಿಮ್ಮ ತಂದೆಯವರ ಲೆಕ್ಕದಲ್ಲಿ ಸತ್ಯ ಇದೆ. ಆದರೆ ಮುಖ್ಯ ಕಾರಣ ಅದಲ್ಲ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳ್ತೀನಿ.

ಬ್ಯಾಕ್ಟೀರಿಯಾಗಳಿಗೆ ಈಜೋಕೆ ಒಂದು ಬಾಲ ಇರುತ್ತಲ್ಲ, ಅದು ಫ್ಲಾಜೆಲಿನ್ ಅನ್ನೋ ಪ್ರೋಟೀನಿನಿಂದ ಆಗಿದ್ದು. ಅದರಲ್ಲಿ 22 ಅಮೈನೋ ಆಮ್ಲಗಳ ಒಂದು ತುಣುಕಿದೆ, ಎಫ್‌ಎಲ್‌ಜಿ22 ಅಂತಾರೆ. ಅದನ್ನು ಲ್ಯಾಬಲ್ಲೇ ತಯಾರು ಮಾಡಬಹುದು. ಜೀವಂತ ಬ್ಯಾಕ್ಟೀರಿಯಾ ಬೇಕಿಲ್ಲ. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ದ್ರವ ಪೋಷಕ ಹಾಕಿ, ಗುಳಿಗೊಂದರಂತೆ ಮೊಳಕೆ ಬಿಡುತ್ತೇವೆ. ಒಂದು ಸಾಲಿನ ಗುಳಿಗಳಿಗೆ ಈ ತುಣುಕನ್ನು ಎಷ್ಟೋ ಕಮ್ಮಿ ಪ್ರಮಾಣದಲ್ಲಿ ಸೇರಿಸುತ್ತೇವೆ. ಸುಮಾರು ಒಂದು ವಾರ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ, ಆ ಸಾಲಿನ ಸಸಿಗಳು ಕುಗ್ಗಿ ಹೋಗಿರುತ್ತವೆ. ಎಲೆ ಕಿರಿದು, ಬೇರು ಮೊಟಕು. ಪಕ್ಕದ ಸಾಲಿನವು ಗುಳಿ ತುಂಬಿ ಹಸಿರಾಗಿರುತ್ತವೆ.

ಇಲ್ಲಿ ಎರಡು ವಿಷಯ ಗಮನಿಸಿ. ಆ ದ್ರವದಲ್ಲಿ ಸಕ್ಕರೆ ಇದೆ, ಸಾರಜನಕ ಇದೆ, ಉಪ್ಪುಗಳೂ ಇವೆ. ಆಹಾರಕ್ಕೆ ಯಾವ ಕೊರತೆಯೂ ಇಲ್ಲ. ಎರಡನೆಯದು ಇನ್ನೂ ಮುಖ್ಯ. ಇದೇ ತುಣುಕನ್ನು ಗುರುತಿಸೋ ಎಫ್‌ಎಲ್‌ಎಸ್2 ಅನ್ನೋ ಗ್ರಾಹಕ ಪ್ರೋಟೀನ್ ಇಲ್ಲದ ಗಿಡಕ್ಕೆ ಅದೇ ಪ್ರಮಾಣ ಹಾಕಿ, ಏನೂ ಆಗಲ್ಲ. ಚೆನ್ನಾಗಿ ಬೆಳೆಯುತ್ತೆ. ಅಂದರೆ ಆ ತುಣುಕು ವಿಷ ಅಲ್ಲ. ಸಸಿ ಕುಗ್ಗಿದ್ದು ಯಾರೋ ಕುಗ್ಗಿಸಿದ್ದರಿಂದ ಅಲ್ಲ. ‘ಬ್ಯಾಕ್ಟೀರಿಯಾ ಬಂತು’ ಅಂತ ಗೊತ್ತಾದ ಮೇಲೆ ಗಿಡ ತಾನಾಗಿ ಬೆಳವಣಿಗೆ ನಿಲ್ಲಿಸಿದ್ದು. ಹೊಟ್ಟೆಗಿಲ್ಲದೆ ಸೊರಗುವುದು ಬೇರೆ, ಇದು ಬೇರೆ. ಇದು ನಿರ್ಧಾರ.

ಆ ನಿರ್ಧಾರ ಜೀವಕೋಶದ ಒಳಗೆ ಹೇಗೆ ಆಗುತ್ತೆ? ಗಿಡದ ಬೆಳವಣಿಗೆಗೆ ಬ್ರಾಸಿನೋಸ್ಟೀರಾಯ್ಡ್ ಅನ್ನೋ ಹಾರ್ಮೋನು ಬೇಕು. ಅದನ್ನು ಹಿಡಿಯೋ ಗ್ರಾಹಕದ ಹೆಸರು ಬಿಆರ್‌ಐ1. ಅದಕ್ಕೆ ಬಿಎಕೆ1 ಅನ್ನೋ ಜೊತೆಗಾರ ಪ್ರೋಟೀನ್ ಬೇಕು. ಎಫ್‌ಎಲ್‌ಎಸ್2ಗೂ ಅದೇ ಬಿಎಕೆ1 ಬೇಕು. ಇದು ಗೊತ್ತಾದಾಗ, ಇಬ್ಬರೂ ಒಂದೇ ಜೊತೆಗಾರನಿಗೆ ಕಿತ್ತಾಡುತ್ತಾರೆ, ಅದಕ್ಕೇ ಒಂದು ನಡೆದರೆ ಇನ್ನೊಂದು ನಿಲ್ಲುತ್ತೆ ಅಂತ ಅನೇಕರು ಅಂದುಕೊಂಡರು. ಅಷ್ಟು ಸರಳ ಅಲ್ಲ ಅಂತ ಆಮೇಲೆ ತಿಳಿಯಿತು. ಬೆಳವಣಿಗೆಯ ಸಂದೇಶ ಕೋಶಕೇಂದ್ರದ ತನಕ ಹೋಗಿ ಬಿಝಡ್‌ಆರ್1 ಅನ್ನೋ ಪ್ರೋಟೀನನ್ನು ಎಚ್ಚರಿಸುತ್ತೆ. ಅದು ಬೆಳೆಯುವ ಜೀನ್‌ಗಳಿಗೆ ಅಪ್ಪಣೆ ಕೊಡುವುದರ ಜೊತೆಗೆ ರಕ್ಷಣೆಯ ಕೆಲವು ಜೀನ್‌ಗಳನ್ನು ತಗ್ಗಿಸುತ್ತೆ. ಅಪ್ಪಣೆ ಬರೋ ಕಡೆಯೇ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದೆ.

ಆ ಕಟ್ಟು ಬಿಚ್ಚಬಹುದಾ? ಬಿಚ್ಚಿ ತೋರಿಸಿದ್ದಾರೆ. 2016ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗ್ ಹೋವ್ ಅವರ ತಂಡದ ಕೆಲಸ ಇದು. ಹುಳ ಕಚ್ಚಿದಾಗ ಗಿಡದಲ್ಲಿ ಜಾಸ್ಮೋನೇಟ್ ಅನ್ನೋ ಹಾರ್ಮೋನು ಏರುತ್ತೆ. ಕಚ್ಚದೇ ಇರುವಾಗ ರಕ್ಷಣೆಯ ಜೀನ್‌ಗಳನ್ನು ಹಿಡಿದಿಡುವುದು ಜೆಎಝಡ್ ಅನ್ನೋ ಪ್ರೋಟೀನ್‌ಗಳು. ಅವರು ಅಂಥ ಐದು ಜೀನ್‌ಗಳನ್ನು ಕೆಡಿಸಿದರು. ಹುಳಕ್ಕೆ ಜಗ್ಗದ ಗಿಡ ಸಿಕ್ಕಿತು, ಆದರೆ ಕುಳ್ಳಾಯಿತು. ಎಲ್ಲರೂ ನಿರೀಕ್ಷಿಸಿದ್ದೇ. ಆಮೇಲೆ ಅದೇ ಗಿಡದಲ್ಲಿ ಫೈಟೋಕ್ರೋಮ್ ಬಿ ಅನ್ನೋ, ಬೆಳಕನ್ನು ಗುರುತಿಸೋ ಪ್ರೋಟೀನನ್ನೂ ತೆಗೆದರು. ಗಿಡ ಚೆನ್ನಾಗಿ ಬೆಳೆಯಿತು, ರಕ್ಷಣೆಯೂ ಹಾಗೇ ಉಳಿಯಿತು! ಶಕ್ತಿಯ ಕೊರತೆಯೇ ಕಾರಣ ಆಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ನನ್ನ ಪ್ರಕಾರ ಈ ವಿಷಯದಲ್ಲಿ ಇದಕ್ಕಿಂತ ಸುಂದರ ಪ್ರಯೋಗ ಇಲ್ಲ.

ಹಾಗಂತ ಸಂಬಳದ ಲೆಕ್ಕ ಸುಳ್ಳಲ್ಲ. ಎರಡು ವರ್ಷದ ನಂತರ ಅದೇ ತಂಡ ಹತ್ತು ಜೆಎಝಡ್ ಜೀನ್‌ಗಳನ್ನು ತೆಗೆಯಿತು. ಆಗ ಗಿಡ ನಿಜವಾಗಲೂ ಇಂಗಾಲದ ಹಸಿವಿಗೆ ಬಿತ್ತು, ಬೀಜವೂ ಸರಿಯಾಗಿ ಕಟ್ಟಲಿಲ್ಲ. ಅತಿಗೆ ಹೋದಾಗ ಕೊರತೆ ಕಾಡುತ್ತೆ. ದಿನನಿತ್ಯದ ಮಟ್ಟದಲ್ಲಿ ನಡೆಯೋದು ಅಪ್ಪಣೆ.

ಈಗ ನಿಮ್ಮ ಗದ್ದೆಗೆ ಬರ್ತೀನಿ. ಯೂರಿಯಾ ಅಂದರೆ ಗಿಡಕ್ಕೆ ಬರೀ ಊಟ ಅಲ್ಲ, ‘ಬೆಳೆ’ ಅನ್ನೋ ಸಂದೇಶವೂ ಹೌದು. ತೆಂಡೆ ಜಾಸ್ತಿ, ಎಲೆ ಅಗಲ, ಮೈ ಮೆತ್ತಗೆ. ಪೈರು ಒತ್ತಾಗಿ ಮುಚ್ಚಿಕೊಂಡರೆ ಕೆಳಗಿನ ಎಲೆಗಳ ಮೇಲೆ ಮಂಜು ಬೇಗ ಆರಲ್ಲ. ಬೆಂಕಿ ರೋಗದ ಶಿಲೀಂಧ್ರಕ್ಕೆ ಮೊಳೆಯೋಕೆ ಬೇಕಾದ್ದೇ ಆ ಒದ್ದೆ. ಅದರ ಜೊತೆ ಬೆಳಕಿನ ವಿಷಯವೂ ಸೇರುತ್ತೆ. ಎಲೆಯ ನೆರಳಲ್ಲಿ ಕೆಂಪು ಬೆಳಕು ಕಮ್ಮಿ, ಅತಿಕೆಂಪು ಜಾಸ್ತಿ. ಫೈಟೋಕ್ರೋಮ್ ಇದನ್ನು ಓದಿ, ಸುತ್ತ ಗಿಡಗಳಿವೆ, ಎತ್ತರಕ್ಕೆ ಹೋಗು ಅಂತ ತೀರ್ಮಾನಿಸುತ್ತೆ. ಅರಾಬಿಡಾಪ್ಸಿಸ್‌ನಲ್ಲಿ ಹೀಗೆ ಆದಾಗ ಜಾಸ್ಮೋನೇಟ್, ಸ್ಯಾಲಿಸಿಲಿಕ್ ಆಮ್ಲ (ರಕ್ಷಣೆಯ ಇನ್ನೊಂದು ಹಾರ್ಮೋನು) ಎರಡರ ರಕ್ಷಣೆಯೂ ತಗ್ಗುತ್ತೆ. ಮೇಲೆ ಹೇಳಿದ ಪ್ರಯೋಗದಲ್ಲಿ ಜೆಎಝಡ್ ಜೀನ್‌ಗಳನ್ನು ಮೊದಲೇ ಕೆಡಿಸಿದ್ದರಿಂದ ರಕ್ಷಣೆ ಉಳಿದಿತ್ತು. ಭತ್ತದಲ್ಲಿ ಮೂರೂ ಫೈಟೋಕ್ರೋಮ್ ಕೆಡಿಸಿದ ಗಿಡಗಳು ಬೆಂಕಿ ರೋಗಕ್ಕೆ ಬೇಗ ಬಲಿಯಾದವು. ಹಾಗಾಗಿ ಚಿಕ್ಕಪ್ಪನ ಗದ್ದೆಯಲ್ಲಿ ಸಂಬಳ ಏರಿದ್ದು ನಿಜ. ಆದರೆ ಹೆಚ್ಚಿನ ಸಂಬಳದ ಜೊತೆಗೇ ಅದನ್ನು ಎಲ್ಲಿ ಖರ್ಚು ಮಾಡಬೇಕು ಅನ್ನೋ ಅಪ್ಪಣೆಯೂ ಬಂದಿತ್ತು.

ಬಾಟಲಿ ವಿಷಯ. ಗಿಡದ ರಕ್ಷಣೆ ಎಬ್ಬಿಸೋ ರಾಸಾಯನಿಕಗಳು ನಿಜವಾಗಿ ಇವೆ. ಜಪಾನಿನಲ್ಲಿ ಪ್ರೊಬೆನಝೋಲ್ ಅನ್ನೋದನ್ನು 1970ರ ದಶಕದಿಂದ ಭತ್ತದ ಬೆಂಕಿ ರೋಗಕ್ಕೆ ಬಳಸುತ್ತಾ ಇದ್ದಾರೆ. ಅದು ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಕ್ಕಿಂತ ಗಿಡದ ಸ್ಯಾಲಿಸಿಲಿಕ್ ಆಮ್ಲದ ದಾರಿಯನ್ನು ಎಬ್ಬಿಸುತ್ತೆ. ಆದರೆ ಸುಮ್ನೆ ಎಬ್ಬಿಸಿದರೆ ಬೆಲೆ ತೆರಬೇಕು. ಇದೇ ಥರದ ಇನ್ನೊಂದು ರಾಸಾಯನಿಕವನ್ನು ರೋಗವೇ ಇಲ್ಲದ ಗೋಧಿಗೆ ಹೊಡೆದು ನೋಡಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಗಿಡ ಸಣ್ಣದಾಯಿತು, ಕಾಳೂ ಕಮ್ಮಿಯಾಯಿತು. ಸಾರಜನಕ ಕಮ್ಮಿ ಇದ್ದ ಕಡೆ ನಷ್ಟ ಇನ್ನೂ ಜಾಸ್ತಿ. ಇಲ್ಲಿ ನೋಡಿ, ನಿಮ್ಮ ತಂದೆಯವರ ಮಾತು ನಿಲ್ಲುತ್ತೆ. ಆದ್ದರಿಂದ ಬಾಟಲಿ ಮೇಲೆ ಒಳಗೇನಿದೆ ಅಂತ ಬರೆಯದಿದ್ದರೆ ತರಬೇಡಿ. ಬರೆದಿದ್ದರೂ ಸಸಿಯಿಂದ ಕೊಯ್ಲಿನ ತನಕ ಹೊಡೆಯುವಂಥದ್ದಲ್ಲ ಅದು.

---

ಮಲೆನಾಡ ಗದ್ದೆ ಉತ್ತರಿಸಿದ್ದು:

ಮೇಡಂ ಬರೆದಿದ್ದು ಎರಡು ಸಲ ಓದಿದೆ. ನಾವು ಹೊಸನಗರ ಕಡೆ. ಇಲ್ಲಿ ಮಂಜು, ಮೋಡ, ಜಿಟಿಜಿಟಿ ಮಳೆ ಎಲ್ಲ ಇದ್ದದ್ದೇ, ಬೆಂಕಿ ರೋಗ ಹೊಸದೇನಲ್ಲ.

ಅಣ್ಣ, ನಮ್ಮಲ್ಲಿ ಮೇಲುಗೊಬ್ಬರ ಒಂದೇ ಸಲ ಸುರಿಯಲ್ಲ, ಭಾಗ ಮಾಡಿ ಹಾಕ್ತೇವೆ. ಮೋಡ ಕವಿದು ಮಂಜು ಹಿಡಿದ ವಾರದಲ್ಲಿ ಯೂರಿಯಾ ಮುಟ್ಟೋದೇ ಇಲ್ಲ. ಎಲೆಯ ಬಣ್ಣಕ್ಕೆ ಹೋಲಿಸಿ ನೋಡೋ ಪ್ಲಾಸ್ಟಿಕ್ ಪಟ್ಟಿ ಸಿಗುತ್ತೆ, ಅದನ್ನ ಹಿಡಿದು ನೋಡಿ ಹಾಕಿದರೆ ಗೊಬ್ಬರವೂ ಉಳಿಯುತ್ತೆ. ಬದುವಿನ ಕಳೆ ಸವರಿ, ಶಿಲೀಂಧ್ರ ಅಲ್ಲೂ ಉಳಿಯುತ್ತೆ.

ಇನ್ನೊಂದು, ಭತ್ತದ ಹೊಟ್ಟು ಸುಟ್ಟ ಬೂದಿಯನ್ನು ಸಸಿ ಮಡಿಗೆ ಹಾಕೋದು ನಮ್ಮಜ್ಜಿ ಕಾಲದಿಂದ ಇದೆ. ಅದರಲ್ಲಿ ಸಿಲಿಕಾನ್ ಇರುತ್ತೆ, ಎಲೆ ಗಡುಸಾಗುತ್ತೆ ಅಂತ ಕೃಷಿ ಅಧಿಕಾರಿ ಒಬ್ಬರು ಹೇಳಿದ್ದರು. ಮೇಡಂ, ಅದಕ್ಕೂ ಬೆಳವಣಿಗೆಯ ಬೆಲೆ ತೆರಬೇಕಾ?

---

ಸಾಸಿವೆ ಹೂ ಉತ್ತರಿಸಿದ್ದು:

ಒಳ್ಳೆ ಪ್ರಶ್ನೆ ಕೇಳಿದಿರಿ. ಸಿಲಿಕಾನ್ ಬೆಂಕಿ ರೋಗವನ್ನು ತಗ್ಗಿಸುತ್ತೆ ಅನ್ನೋದು ಬಹಳ ಕಾಲದಿಂದ ಗೊತ್ತಿರೋ ವಿಷಯ. ಭತ್ತ ಸಿಲಿಕಾನನ್ನು ಧಾರಾಳವಾಗಿ ಹೀರುವ ಬೆಳೆ. ಅದು ಎಲೆಯ ಹೊರಪದರದ ಕೆಳಗೆ ಗಟ್ಟಿ ಪದರವಾಗಿ ಕೂರುತ್ತೆ. ರೋಗದ ಶಿಲೀಂಧ್ರ ಎಲೆಯ ಮೇಲೆ ಒಂದು ಗುಬುಟು ಕಟ್ಟಿಕೊಂಡು, ಒಳಗೆ ಭಾರೀ ಒತ್ತಡ ತುಂಬಿಸಿ ಒತ್ತಿ ತೂತು ಮಾಡುತ್ತೆ. ಆ ಪದರ ಅಲ್ಲೇ ಅಡ್ಡ ನಿಲ್ಲುತ್ತೆ. ಸಾಮಾನ್ಯವಾಗಿ ಇದರಿಂದ ಇಳುವರಿಗೆ ಪೆಟ್ಟು ಬೀಳಲ್ಲ, ಪೈರು ನೇರವಾಗಿ ನಿಲ್ಲೋಕೂ ಅನುಕೂಲ. ಮುಂಚೆಯೇ ಕಟ್ಟಿಟ್ಟ ಗೋಡೆ ಬೇರೆ, ರೋಗಾಣು ಕಂಡಮೇಲೆ ಬೆಳವಣಿಗೆ ನಿಲ್ಲಿಸಿ ಕಾದಾಡೋದು ಬೇರೆ. ನಿಮ್ಮಜ್ಜಿಯ ಬೂದಿಗೆ ನನ್ನ ಮತವಿದೆ.

---

ಬೀಜದ ಪ್ಲಾಟು ಉತ್ತರಿಸಿದ್ದು:

ನಾನು ಗಂಗಾವತಿ ಕಡೆ ಭತ್ತದ ತಳಿ ಪ್ರಯೋಗಗಳಲ್ಲಿ ಕೆಲಸ ಮಾಡುವವನು. ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಅರಾಬಿಡಾಪ್ಸಿಸ್ ತಟ್ಟೆಯಿಂದ ಗದ್ದೆ ತನಕ ದೂರ ಬಹಳ. ಹುಳಕ್ಕೂ ಜಗ್ಗದ, ಎತ್ತರವೂ ಬೆಳೆದ ಗಿಡ ಸಿಕ್ಕಿತು ಅಂದರೆ ನಾವು ಮೊದಲು ಕೇಳೋದು ಕಾಳಿನ ತೂಕ ಎಷ್ಟು ಅಂತ.

ರೈತರೇ, ನಿರೋಧಕ ತಳಿ ಅಂದರೆ ಇಳುವರಿ ಹೋಯ್ತು ಅಂತ ಹೆದರೋರು ಬಹಳ ಜನ. ಹಾಗಾಗಬೇಕಿಲ್ಲ. ನೀವು ಹಾಕಿದ ಬಿಪಿಟಿ 5204 ಅಂದರೆ ಸಾಂಬಾ ಮಸೂರಿ. ಅದಕ್ಕೆ ಬೆಂಕಿ ರೋಗವೂ ಬರುತ್ತೆ, ದುಂಡಾಣು ಅಂಗಮಾರಿಯೂ ಬರುತ್ತೆ. ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರ ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯ ಸೇರಿ ಅದಕ್ಕೆ ಎಕ್ಸ್‌ಎ21, ಎಕ್ಸ್‌ಎ13, ಎಕ್ಸ್‌ಎ5 ಅನ್ನೋ ಮೂರು ನಿರೋಧಕ ಜೀನ್‌ಗಳನ್ನು ಕೂಡಿಸಿದರು. ಕುಲಾಂತರಿ ಅಲ್ಲ, ಡಿಎನ್‌ಎ ಗುರುತು ನೋಡಿಕೊಂಡು ಮಾಡಿದ ಸಂಕರಣ. 2008ರಲ್ಲಿ ‘ಸುಧಾರಿತ ಸಾಂಬಾ ಮಸೂರಿ’ ಅಂತ ಬಿಡುಗಡೆ ಆಯ್ತು. ಆದರೆ ಒಂದು ಎಚ್ಚರಿಕೆ: ಅದು ಅಂಗಮಾರಿಗೆ ಮಾತ್ರ, ಬೆಂಕಿ ರೋಗಕ್ಕಲ್ಲ.

ಅದರಲ್ಲಿ ಎಕ್ಸ್‌ಎ13 ಕಥೆ ಇಲ್ಲಿನ ಪ್ರಶ್ನೆಗೆ ಸರಿಯಾಗಿ ಕೂರುತ್ತೆ. ಆ ಜಾಗದಲ್ಲಿರೋ ಮೂಲ ಜೀನ್ ಸಕ್ಕರೆ ಸಾಗಿಸೋ ಪ್ರೋಟೀನ್ ಮಾಡುತ್ತೆ. ಪರಾಗ ಬಲಿಯೋಕೆ ಅದು ಬೇಕೇ ಬೇಕು. ಅಂಗಮಾರಿ ಬ್ಯಾಕ್ಟೀರಿಯಾ ಏನು ಮಾಡುತ್ತೆ ಗೊತ್ತಾ? ತನ್ನದೊಂದು ಪ್ರೋಟೀನನ್ನು ಎಲೆಯ ಕೋಶದೊಳಕ್ಕೆ ಕಳಿಸುತ್ತೆ. ಅದು ಆ ಜೀನಿನ ಮುಂಭಾಗಕ್ಕೆ ಅಂಟಿಕೊಂಡು ಬೇಡದ ಕಡೆ ಅದನ್ನು ನಡೆಸುತ್ತೆ. ಆಗ ಬ್ಯಾಕ್ಟೀರಿಯಾಗೆ ಕೂತಲ್ಲೇ ಸಕ್ಕರೆ. ಜೀನನ್ನೇ ಅಡಗಿಸಿದರೆ ರೋಗ ನಿಲ್ಲುತ್ತೆ, ಆದರೆ ಪರಾಗ ಕೆಟ್ಟು ತೆನೆ ಜೊಳ್ಳಾಗುತ್ತೆ. ನಿರೋಧಕ ತಳಿಗಳಲ್ಲಿ ಜೀನಿನ ಒಳಗೆ ಏನೂ ಕೆಟ್ಟಿಲ್ಲ. ಬ್ಯಾಕ್ಟೀರಿಯಾ ಅಂಟಿಕೊಳ್ಳೋ ಮುಂಭಾಗ ಮಾತ್ರ ಬದಲಾಗಿದೆ. ಪರಾಗಕ್ಕೆ ತೊಂದರೆ ಇಲ್ಲ, ಬ್ಯಾಕ್ಟೀರಿಯಾಗೆ ಸಕ್ಕರೆ ಇಲ್ಲ. ಇದನ್ನು ಪ್ರಕೃತಿಯೇ ಮಾಡಿಟ್ಟಿತ್ತು, ತಳಿಗಾರರು ಹುಡುಕಿ ತಂದರು.

ಬೆಂಕಿ ರೋಗಕ್ಕೆ ಚೀನಾದ ಗುಮೇಯ್ 4 ಅನ್ನೋ ಹಳೆ ತಳಿಯಲ್ಲಿ ಪಿಗ್ಮ್ ಅನ್ನೋ ಜೀನ್ ಗುಂಪು ಇದೆ. ಅದರಲ್ಲಿ ಒಂದು ಜೀನ್ ರೋಗ ತಡೆಯುತ್ತೆ, ಆದರೆ ಕಾಳಿನ ತೂಕ ಇಳಿಸುತ್ತೆ. ಪಕ್ಕದಲ್ಲೇ ಇರೋ ಇನ್ನೊಂದು ಜೀನ್ ತೆನೆಯಲ್ಲಿ, ಪರಾಗದಲ್ಲಿ ಜಾಸ್ತಿ ಕೆಲಸ ಮಾಡಿ, ಮೊದಲನೆಯದನ್ನು ಅಲ್ಲಿ ತಗ್ಗಿಸಿ, ಕಾಳು ಕಟ್ಟೋದನ್ನು ಹೆಚ್ಚಿಸುತ್ತೆ. ಎಲೆಯಲ್ಲಿ ರಕ್ಷಣೆ ಹಾಗೇ ಇರುತ್ತೆ. 2017ರಲ್ಲಿ ಪ್ರಕಟವಾದ ವಿಷಯ. ಒಂದನ್ನು ಬಿಟ್ಟು ಒಂದನ್ನು ತಂದರೆ ಕೆಲಸ ಕೆಡುತ್ತೆ. ಇದಕ್ಕೇ ನಾನು ಹೇಳೋದು, ತಳಿ ಮಾಡೋರು ರೋಗದ ಅಂಕಿ ಮಾತ್ರ ನೋಡಬಾರದು, ತೆನೆ ಕೈಯಲ್ಲಿ ಹಿಡಿದು ನೋಡಬೇಕು.

---

ನಾಲೆ ಬದಿ ರೈತ ಉತ್ತರಿಸಿದ್ದು:

ಮೂವರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಅವರು ಒಂದು ಪ್ರಶ್ನೆ ಕೇಳಿದರು, ನನಗೂ ಉತ್ತರ ಹೊಳೆಯಲಿಲ್ಲ: ಅಪ್ಪಣೆ ಬಿಡಿಸಬಹುದು ಅನ್ನೋದಾದರೆ, ಇಷ್ಟು ಸಾವಿರ ವರ್ಷದಲ್ಲಿ ಗಿಡವೇ ಯಾಕೆ ಬಿಡಿಸಿಕೊಂಡಿಲ್ಲ? ರೋಗ ಇಲ್ಲದಾಗ ಬೆಳೆದು, ಬಂದಾಗ ಮಾತ್ರ ತಡೆದು, ಮತ್ತೆ ಬೆಳೆಯೋ ಭತ್ತ ಇಲ್ವಾ?

---

ಸಾಸಿವೆ ಹೂ ಉತ್ತರಿಸಿದ್ದು:

ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಈ ಕ್ಷೇತ್ರದಲ್ಲಿ ಇರೋರೆಲ್ಲ ಕೇಳಿಕೊಳ್ಳೋ ಪ್ರಶ್ನೆ ಅದು.

ಕಾಡಲ್ಲಿ ಬೆಳೆಯೋ ಅರಾಬಿಡಾಪ್ಸಿಸ್‌ಗಳಲ್ಲಿ ಎಸಿಡಿ6 ಅನ್ನೋ ಜೀನ್ ಇದೆ. ಅದರ ಒಂದು ರೂಪ ಇದ್ದರೆ ಗಿಡ ಬಹಳ ರೋಗಗಳನ್ನು ತಡೆಯುತ್ತೆ, ಆದರೆ ಎಲೆ ನಿಧಾನವಾಗಿ ಬರುತ್ತೆ, ಗಾತ್ರವೂ ಕಿರಿದು. ಇನ್ನೊಂದು ರೂಪ ಇದ್ದರೆ ಬೇಗ ಬೆಳೆಯುತ್ತೆ, ರೋಗಕ್ಕೆ ಬೇಗ ಸಿಗುತ್ತೆ. 2010ರಲ್ಲಿ ಕಂಡುಕೊಂಡ ಹಾಗೆ ಎರಡೂ ರೂಪಗಳು ಕಾಡಲ್ಲಿ ಉಳಿದುಕೊಂಡಿವೆ. ರೋಗ ಜಾಸ್ತಿ ಇರೋ ವರ್ಷ ಒಂದು ಗೆಲ್ಲುತ್ತೆ, ಇಲ್ಲದ ವರ್ಷ ಇನ್ನೊಂದು. ಅದಕ್ಕೂ ಮುಂಚೆ 2003ರಲ್ಲಿ ಶಿಕಾಗೋದ ತಂಡವೊಂದು ಆರ್‌ಪಿಎಂ1 ಅನ್ನೋ ಒಂದೇ ಒಂದು ನಿರೋಧಕ ಜೀನ್ ಇರೋ ಗಿಡ, ಇಲ್ಲದ ಗಿಡ ಎರಡನ್ನೂ ಹೊಲದಲ್ಲಿ ನೆಟ್ಟು ಹೋಲಿಸಿತು. ರೋಗ ಇಲ್ಲದಾಗ ಜೀನ್ ಇದ್ದ ಗಿಡ 9% ಬೀಜ ಕಮ್ಮಿ ಕೊಟ್ಟಿತು. ಹೊಲಕ್ಕೆ ಇದು ಸಣ್ಣ ಮಾತಲ್ಲ. ನಾಳೆ ಏನು ಬರುತ್ತೆ ಅಂತ ಗೊತ್ತಿಲ್ಲದ ಕಡೆ ಗಿಡ ಎರಡನ್ನೂ ಬಿಡಿಸಿಕೊಳ್ಳುವುದಕ್ಕಿಂತ, ಒಂದರಿಂದ ಇನ್ನೊಂದಕ್ಕೆ ಬೇಗ ಹೊರಳೋದನ್ನು ಕಲಿತಿದೆ ಅಂತ ನನಗೆ ಅನ್ನಿಸುತ್ತೆ.

ನೀವು ಕೇಳಿದ ಭತ್ತ ಇದೆ. ಐಪಿಎ1 ಅನ್ನೋ ಪ್ರೋಟೀನ್ ತೆಂಡೆ ಕಮ್ಮಿ ಮಾಡಿ, ಕಾಂಡ ದಪ್ಪ ಮಾಡಿ, ತೆನೆ ದೊಡ್ಡದು ಮಾಡುತ್ತೆ. ಇಳುವರಿಗೆ ಒಳ್ಳೇದು ಅಂತ 2010ರಲ್ಲೇ ಗೊತ್ತಾಗಿತ್ತು. 2018ರಲ್ಲಿ ಚೀನಾದ ವಿಜ್ಞಾನಿಗಳು ಅದರ ಇನ್ನೊಂದು ಮುಖ ಕಂಡುಕೊಂಡರು. ಬೆಂಕಿ ರೋಗದ ಶಿಲೀಂಧ್ರ ತಾಗಿದಾಗ ಆ ಪ್ರೋಟೀನಿನ 163ನೇ ಜಾಗದಲ್ಲಿರೋ ಸೆರೀನ್ ಅನ್ನೋ ಅಮೈನೋ ಆಮ್ಲಕ್ಕೆ ಒಂದು ಫಾಸ್ಫೇಟ್ ಬಂದು ಅಂಟುತ್ತೆ. ಅಷ್ಟೇ ಬದಲಾವಣೆ. ಆಗ ಅದು ತೆನೆಯ ಜೀನ್ ಬಿಟ್ಟು ಡಬ್ಲ್ಯುಆರ್‌ಕೆವೈ45 ಅನ್ನೋ ರಕ್ಷಣೆಯ ಜೀನನ್ನು ಹಿಡಿಯುತ್ತೆ. 48 ಗಂಟೆ ಒಳಗೆ ಫಾಸ್ಫೇಟ್ ಕಳಚಿ, ಪ್ರೋಟೀನ್ ಮತ್ತೆ ತೆನೆಯ ಕೆಲಸಕ್ಕೆ ಬರುತ್ತೆ. ಒಂದೇ ಪ್ರೋಟೀನ್, ಎರಡು ಕೆಲಸ, ಎರಡೇ ದಿನದಲ್ಲಿ ವಾಪಸ್ಸು. ಮೊದಲ ಸಲ ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದರ ಹಿಂದಿನ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶಿನ್ನಿಯಾನ್ ಡಾಂಗ್ ಅವರ ತಂಡ, ಚೀನಾದವರ ಜೊತೆ ಸೇರಿ ಇದೇ ಥರದ್ದನ್ನು ಕಟ್ಟಿ ತೋರಿಸಿತ್ತು. ಎನ್‌ಪಿಆರ್1 ಅನ್ನೋ ರಕ್ಷಣೆಯ ಪ್ರೋಟೀನನ್ನು ಭತ್ತದಲ್ಲಿ ಯಾವಾಗಲೂ ತಯಾರಾಗೋ ಹಾಗೆ ಬಿಟ್ಟರೆ ಬೆಳೆ ಕುಗ್ಗುತ್ತೆ. ಅವರು ಅದರ ಸಂದೇಶದ ಮುಂದೆ ಒಂದು ಸಣ್ಣ ತಡೆ ಕೂಡಿಸಿದರು. ರೋಗಾಣು ಬಂದಾಗ ಮಾತ್ರ ತಡೆ ಸರಿದು ಪ್ರೋಟೀನ್ ತಯಾರಾಗುತ್ತೆ. ಅಂಗಮಾರಿ, ಬೆಂಕಿ ರೋಗ ಎರಡನ್ನೂ ತಡೆಯಿತು, ಬೆಳವಣಿಗೆ ಕುಗ್ಗಲಿಲ್ಲ. ಅದು ಕುಲಾಂತರಿ, ಹಾಗಾಗಿ ನಿಮ್ಮ ಗದ್ದೆಗೆ ಸದ್ಯಕ್ಕೆ ಬರುವಂಥದ್ದಲ್ಲ.

ಮುಂದಿನ ಮುಂಗಾರಿಗೆ ಒಂದು ಕೆಲಸ ಮಾಡ್ತೀರಾ? ಚಿಕ್ಕಪ್ಪನವರು ಒಪ್ಪಿದರೆ ಅವರ ಗದ್ದೆಯಲ್ಲೇ ಒಂದು ಮೂಲೆಗೆ ಹೊಡೆ ಹಂತದ ಯೂರಿಯಾ ಬಿಟ್ಟುಬಿಡಿ. ಉಳಿದ ಕಡೆ ಅವರು ಮಾಡೋ ಹಾಗೇ ಮಾಡಲಿ. ಮಂಜು ಬೀಳೋ ಕಾಲಕ್ಕೆ ಎರಡೂ ಕಡೆಯ ಎಲೆ ಕಿತ್ತು ಚುಕ್ಕೆ ಎಣಿಸಿ, ಕೊಯ್ಲಿಗೆ ತೆನೆ ತೂಗಿ ಇಲ್ಲಿ ಹಾಕಿ. ಬೀಜದ ಪ್ಲಾಟು ಅವರಿಗೂ ನನಗೂ ಅದು ಬೇಕು.